ಜಾಲಿ ಕಡಿದು ಬುಡ್ಡಿ ಬಳ್ಳಿ ಉಳಿಸಿದ್ದು

ಜಾಲಿ ಗುತ್ತಿಗೆ ಹಿಡಿಯುವವನು ಮೊದಲು ನೋಡುವುದು ಮರವನ್ನು. ಕಾಂಡ ಎಷ್ಟು ದಪ್ಪ, ಎಷ್ಟು ಭಟ್ಟಿ ಇದ್ದಿಲಾದೀತು, ಲಾರಿ ಎಲ್ಲಿಯವರೆಗೆ ಬಂದೀತು ಎಂದು ಕಣ್ಣಲ್ಲೇ ತೂಗುತ್ತಾನೆ. ಹರಿಯಬ್ಬೆ ಕಡೆಯ ಆ ಕಲ್ಲುಗುಡ್ಡದ ಇಳಿಜಾರಿನಲ್ಲಿ ನಾನು ನಿಂತದ್ದೂ ಹಾಗೆಯೇ. ಬಳ್ಳಾರಿ ಜಾಲಿ ಹಂದಿಯೂ ನುಗ್ಗದಷ್ಟು ಒತ್ತಾಗಿ ಬೆಳೆದಿತ್ತು. ಮನಸ್ಸಿನಲ್ಲೇ ನಾನು ಭಟ್ಟಿಗೆ ಬೆಂಕಿ ಇಟ್ಟು, ಮಣ್ಣು ಮುಚ್ಚಿಯೂ ಆಗಿತ್ತು. ಅಷ್ಟರಲ್ಲಿ, ಆ ಜಾಲಿ ತೆಗೆಸಲು ನನ್ನನ್ನು ಕರೆತಂದಿದ್ದ ಮೇಡಂ, “ಸ್ವಲ್ಪ ಕಾಲು ತೆಗೀರಿ” ಎಂದರು.

ತೆಗೆದೆ. ಚಪ್ಪಲಿಯ ಪಕ್ಕದಲ್ಲೇ ಕಾರೆಗಿಡದ ಬುಡದಿಂದ ದಾರದಂಥ ಬಳ್ಳಿಯೊಂದು ಹೊರಟು, ಮುಳ್ಳಿನಿಂದ ಮುಳ್ಳಿಗೆ ಸುತ್ತಿಕೊಂಡು ಮೇಲೇರಿತ್ತು. ಅದರಲ್ಲಿ ಒಂದು ಹೂವು. ಕೆಳಗೆ ಉಬ್ಬಿದ ಹೊಟ್ಟೆ, ನಡುವೆ ಸಣ್ಣ ಕೊಳವೆ, ತುದಿಯಲ್ಲಿ ಎಸಳುಗಳು ಒಂದಕ್ಕೊಂದು ತಲೆ ತಾಗಿಸಿ ಕಟ್ಟಿದ ಪುಟ್ಟ ಪಂಜರ. ಮನೆಗೆ ಕರೆಂಟು ಬರುವ ಮುಂಚೆ ನಾವು ಹಚ್ಚುತ್ತಿದ್ದ ಚಿಮಣಿ ಬುಡ್ಡಿಯನ್ನು ಯಾರೋ ಬೆರಳ ತುದಿಯಷ್ಟು ಮಾಡಿಟ್ಟ ಹಾಗಿತ್ತು.

ಮೇಡಂ ಚಿತ್ರದುರ್ಗದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವರು. ಅವರು ಅದಕ್ಕೆ ಸೆರೊಪೀಜಿಯ ಎಂದರು. ಕುರುಚಲು ಕಾಡಿನಲ್ಲಷ್ಟೇ ಬದುಕುವ ಅಪರೂಪದ ಬಳ್ಳಿ, ನೆಲದೊಳಗೆ ಗಡ್ಡೆ, ಬೇಸಿಗೆಯಲ್ಲಿ ಮೇಲೆ ಏನೂ ಕಾಣುವುದಿಲ್ಲ, ಮಳೆ ಬಿದ್ದರೆ ಚಿಗುರುತ್ತದೆ. ಸುತ್ತಮುತ್ತ ಅವರು ಕಂಡದ್ದು ಈ ಇಳಿಜಾರಿನಲ್ಲಿ ಮಾತ್ರ. ಅದೂ ಜಾಲಿಯ ನೆರಳು ಹೆಚ್ಚಿದಂತೆಲ್ಲ ಕಡಿಮೆಯಾಗುತ್ತಿತ್ತು. ನನ್ನ ಗ್ಯಾಂಗಿನ ಹಿರಿಯಕ್ಕ ಬಗ್ಗಿ ನೋಡಿ, “ಬುಡ್ಡಿ ಇದ್ದಂಗೈತೆ ಕಣಣ್ಣ” ಎಂದಳು. ಅಂದಿನಿಂದ ನಮಗೆ ಅದು ಬುಡ್ಡಿ ಬಳ್ಳಿ.

ಜಮೀನು ಹಿರಿಯೂರಿನಲ್ಲಿ ಟಿಂಬರ್ ಡಿಪೋ ಇಟ್ಟುಕೊಂಡಿದ್ದ ಸಾಹೇಬರದು. ಕೆಳಗಿನ ಹೊಲದಲ್ಲಿ ಅವರು ದಾಳಿಂಬೆ ಇಡುವವರಿದ್ದರು. ಮೇಲೆ, ಬಳ್ಳಿ ಇದ್ದ ಜಾಗದಲ್ಲೇ, ಕೃಷಿ ಹೊಂಡ ತೋಡಿಸುವವರಿದ್ದರು. ಬೋರಿನ ನೀರನ್ನು ಅಲ್ಲಿಗೆ ಏರಿಸಿಟ್ಟರೆ ಕರೆಂಟು ಇಲ್ಲದಾಗಲೂ ಗಿಡಗಳಿಗೆ ತಾನಾಗಿ ಹರಿಯುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಅದೇ ತೊಂದರೆ. ತಪ್ಪು ಲೆಕ್ಕ ಹಾಕಿದವನನ್ನು ಒಪ್ಪಿಸುವುದು ಸುಲಭ.

“ಅರೆ ಮೇಡಂ, ಒಂದು ಬಳ್ಳಿಗೋಸ್ಕರ ಹೊಂಡ ಬಿಟ್ಟೋರು ಯಾರಾದ್ರೂ ಅವ್ರಾ?” ಎಂದು ಸಾಹೇಬರು ನಕ್ಕರು. “ಗಡ್ಡೆ ಕಿತ್ಕೊಂಡು ಹೋಗಿ ಕಾಲೇಜಿನ ಕುಂಡದಾಗೆ ಇಟ್ಕಳ್ರಿ. ದಿನಾ ನೀರು ಹಾಕ್ರಿ, ಖುಷಿಯಾಗಿ ಇರ್ತೈತೆ.”

“ಕುಂಡದಲ್ಲಿ ಇರೋದು ಆಸ್ಪತ್ರೆಯಲ್ಲಿ ಇದ್ದ ಹಾಗೆ ಸಾಹೇಬ್ರೇ. ಉಸಿರಾಡ್ತದೆ, ಸಂಸಾರ ಮಾಡಲ್ಲ” ಎಂದರು ಮೇಡಂ.

ಸಾಹೇಬರಿಗೆ ಆ ಮಾತು ಹಿಡಿಸಿತು. “ಆಯ್ತು, ಎರಡು ಮಳೆಗಾಲ ಬಿಟ್ಟಿರ್ತೀನಿ. ಅಷ್ಟರಾಗೆ ನಿಮ್ಮ ಬಳ್ಳಿ ಸಂಸಾರ ಮಾಡಿ ಮರಿ ತೋರಿಸ್ಲಿ. ಇಲ್ಲಾಂದ್ರೆ ಜೆಸಿಬಿ ಬರ್ತೈತೆ, ನನ್ನ ಬೈಬ್ಯಾಡ್ರಿ.”

ಇಷ್ಟೇ ಕರಾರು. ಬಳ್ಳಿ ಹೆಚ್ಚಿದರೆ ಇಳಿಜಾರು ಉಳಿಯುತ್ತದೆ, ಹೆಚ್ಚದಿದ್ದರೆ ಹೊಂಡವಾಗುತ್ತದೆ. ಅವರಿಬ್ಬರ ನಡುವೆ ನಾನು ನನ್ನ ವ್ಯವಹಾರ ಕುದುರಿಸಿದೆ. ಮೇಲಿನ ಇಳಿಜಾರಿನಲ್ಲಿ ಜೆಸಿಬಿ ಬಿಡದೆ ಕೈಯಿಂದ ಕಡಿಸುತ್ತೇನೆ, ಯಾರೂ ಕೂಲಿ ಕೊಡಬೇಕಿಲ್ಲ. ಬದಲಿಗೆ ಕೆಳಗಿನ ಹೊಲದ ಜಾಲಿಯೂ ನನಗೇ ಸೇರಬೇಕು. ಸಾಹೇಬರಿಗೆ ಹೊಲ ಖಾಲಿಯಾಗುವ ಅವಸರವಿತ್ತು, ಮೇಡಂಗೆ ಮೇಲಿನದು ನಿಧಾನವಾಗಿ ಆಗುವ ಅವಸರವಿತ್ತು. ಚೌಕಾಸಿಗೆ ಕೂರುವ ಮುಂಚೆ ಎದುರಿನವರ ಅವಸರ ಯಾವುದು ಎಂದು ತಿಳಿದುಕೊಳ್ಳಿ. ದರ ಆಮೇಲೆ ತಾನಾಗಿ ಇಳಿಯುತ್ತದೆ.

ಚಿತ್ತೆ ಮಳೆ ಮುಗಿಯುವ ಮುಂಚೆ, ಬಳ್ಳಿ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ, ಗುರುತು ಹಾಕಬೇಕಿತ್ತು. ಪ್ರತಿ ಬಳ್ಳಿಯ ಸುತ್ತ ಸುಣ್ಣ ಬಳಿದ ಕಲ್ಲುಗಳನ್ನು ಇಟ್ಟೆವು. ಎಲೆ ಒಣಗಿ ಉದುರಿ, ನೆಲ ಬರಿದಾದ ಮೇಲೆ ಕಡಿತ ಶುರು ಮಾಡಿದೆವು. ಆಗ ಬಳ್ಳಿ ಗಡ್ಡೆಯಾಗಿ ಒಳಗೆ ಮಲಗಿರುತ್ತದೆ, ಮೇಲೆ ಓಡಾಡಿದರೂ ಅದಕ್ಕೆ ನೋವಿಲ್ಲ.

ಜಾಲಿಯನ್ನು ನೆಲದ ಮಟ್ಟಕ್ಕೆ ಕಡಿದರೆ ಅದಕ್ಕೆ ಕ್ಷೌರ ಮಾಡಿಸಿದ ಹಾಗೆ, ಇನ್ನೂ ದಟ್ಟವಾಗಿ ಬರುತ್ತದೆ. ಇದ್ದಿಲಿನವನಿಗೆ ಅದು ಲಾಭ, ಕಡಿದಷ್ಟೂ ಬೆಳೆ. ಇಲ್ಲಿ ಉಲ್ಟಾ ಕೆಲಸ. ಬುಡದ ಸುತ್ತ ಮೊಳದಷ್ಟು ಮಣ್ಣು ಬಿಡಿಸಿ, ಚಿಗುರು ಹೊಡೆಯುವ ಗಂಟಿನಿಂದ ಕೆಳಗೆ ಬೇರನ್ನು ಕತ್ತರಿಸಬೇಕು. ಸುಣ್ಣದ ಕಲ್ಲಿನ ಹತ್ತಿರ ಅಗೆಯುವಂತಿಲ್ಲ, ಗಡ್ಡೆಗೆ ಹಾರೆ ತಾಗೀತು. ಅಲ್ಲಿ ಮಂಡಿಯೆತ್ತರಕ್ಕೆ ಕಡಿದು, ತೊಗಟೆ ಸುಲಿದು, ಚಿಗುರು ಬಂದಾಗಲೆಲ್ಲ ಕೈಯಿಂದ ಸವರಿ ಹಾಕಬೇಕು. ಹಿರಿಯಕ್ಕ ಮೂಗು ಮುರಿದಳು. “ಇದು ಕಡಿಯೋದಲ್ಲಣ್ಣ, ಬಾಣಂತನ.”

ಮೊದಲ ಎಡವಟ್ಟು ಆಗಲೇ ಆಯಿತು. ಕಡಿಯುವವರ ಕೈ ಒಮ್ಮೆ ಓಡಿತೆಂದರೆ ಮುಳ್ಳೆಲ್ಲ ಒಂದೇ. ನಾನು ಇದ್ದಿಲು ತುಂಬಿಸಲು ಚಿಕ್ಕಜಾಜೂರು ಕಡೆ ಹೋಗಿ ಬರುವಷ್ಟರಲ್ಲಿ ಜಾಲಿಯ ಜತೆಗೆ ಒಂದು ಸಾಲು ಕಾರೆ, ಕವಳಿ ಗಿಡಗಳೂ ಮಲಗಿದ್ದವು. ಗುಡ್ಡ ಬೋಳು ತಲೆಯ ಹಾಗೆ ಚೊಕ್ಕಟವಾಗಿತ್ತು. ನನ್ನವರು ಹೆಮ್ಮೆಯಿಂದ ಬೀಡಿ ಹಚ್ಚಿ ಕುಂತಿದ್ದರು. ಮೇಡಂ ಬಂದು ನೋಡಿ, ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

“ಬಳ್ಳಿ ಏರೋದು ಇದರ ಮೇಲೇನೇ” ಎಂದರು, ಕಡಿದ ಕಾರೆಯ ಕಡೆ ಕೈ ತೋರಿಸಿ. “ಇದರ ನೆರಳಲ್ಲೇ ಬೀಜ ಮೊಳೆಯೋದು. ಇದರ ಮುಳ್ಳಿದೆ ಅಂತಲೇ ಕುರಿ ಬಾಯಿ ಹಾಕಲ್ಲ. ಮನೆ ಕಾಯೋಕೆ ಅಂತ ಬಂದು ಗೋಡೆ ಬೀಳಿಸಿದ್ರಲ್ಲ.”

ಕಾರೆಯ ಬೇರು ಗಟ್ಟಿ. ಮಳೆಗೆ ಮತ್ತೆ ಚಿಗುರುತ್ತದೆ ಎಂದು ನಾನು ಹೇಳಿದೆ. ಅದು ನಿಜವೂ ಆಯಿತು. ಆದರೆ ಅವತ್ತೇ ಒಂದು ಪದ್ಧತಿ ಮಾಡಿದೆ. ಉಳಿಯಬೇಕಾದ ಗಿಡಕ್ಕೆಲ್ಲ ಹಳೆ ಸೀರೆಯ ಕೆಂಪು ಚೂರು ಕಟ್ಟಿಸಿದೆ. ಕೂಲಿಯವರಿಗೆ ‘ಇದನ್ನು ಕಡಿ’ ಎಂದು ಹೇಳುವುದಕ್ಕಿಂತ ‘ಇದನ್ನು ಮುಟ್ಟಬೇಡ’ ಎಂದು ಕಣ್ಣಿಗೆ ಕಾಣುವಂತೆ ಕಟ್ಟುವುದು ಲೇಸು.

ಬೇಸಿಗೆ ಹೊತ್ತಿಗೆ ಜಾಲಿ ಹೋಗಿತ್ತು. ಅದರ ಕೆಳಗೆ ಯಾರೂ ನೋಡಿರದ ಒಂದು ಮಟ್ಟಸ ಜಾಗ ಹೊರಬಿತ್ತು. ಬಳ್ಳಿಯಿರುವ ಬಂಡೆಸಾಲಿಗಿಂತ ತುಸು ಕೆಳಗೆ, ಅಂಗಳದಂಥ ನೆಲ. ಬಳ್ಳಿ ಇಲ್ಲಿಗೂ ಇಳಿದು ಬಂದರೆ ಗೆದ್ದ ಹಾಗೆ ಎಂದು ಮೇಡಂ ಆಸೆಪಟ್ಟರು. ಮಣ್ಣು ಸತ್ತುಹೋಗಿದೆ, ಏನಾದರೂ ತಾಕತ್ತು ಕೊಡಬೇಕು ಎಂದೆ ನಾನು. ನಮ್ಮ ಕಡೆ ನೆಲಕ್ಕೆ ತಾಕತ್ತು ಎಂದರೆ ಕುರಿ. ಹೊಲದಲ್ಲಿ ರಾತ್ರಿ ಮಂದೆ ತರುಬಿದರೆ, ಅಂದರೆ ಬಲೆ ಕಟ್ಟಿ ನಿಲ್ಲಿಸಿದರೆ, ಅದರ ಹಿಕ್ಕೆ ಗಂಜಲಕ್ಕೆ ಸಮನಾದ ಗೊಬ್ಬರ ಇಲ್ಲ. ಹೊಲದವನು ಮಂದೆಯವನಿಗೆ ರಾಗಿ ಅಳೆದು, ಊಟ ಹಾಕಿ, ಮರ್ಯಾದೆಯಿಂದ ಕರೆಸುತ್ತಾನೆ. ಕುರಿಗಾರರ ಹಟ್ಟಿಯ ಯಜಮಾನರೊಬ್ಬರನ್ನು ನಾನೂ ಹಾಗೆಯೇ ಕರೆಸಿದೆ. ಹೊಲವಲ್ಲ, ಬೆಳೆಯಿಲ್ಲ ಎಂದು ಜಗ್ಗಾಡಿ ರಾಗಿಯನ್ನು ಅರ್ಧಕ್ಕೆ ಇಳಿಸಿದೆ. ಮೇಡಂ ಕೂಡ ಗುಡ್ಡದ ಹುಲ್ಲು ಮರಳಿ ಬರಲಿ ಎಂದು ತಲೆಯಾಡಿಸಿದರು. ಕೆಲವು ರಾತ್ರಿ ಆ ಅಂಗಳದಲ್ಲಿ ಮಂದೆ ನಿಂತಿತು. ಬೆಳಿಗ್ಗೆ ಹೋದರೆ ನೆಲವೆಲ್ಲ ಕಪ್ಪು ಹಿಕ್ಕೆ. ಅಗ್ಗಕ್ಕೆ ಬಂತು ಎಂದು ನನಗೆ ಒಳಗೊಳಗೇ ಖುಷಿ.

ಭರಣಿ ಮಳೆ ಹದವಾಗಿ ಬಿತ್ತು. ಕೆಲವು ದಿನ ಬಿಟ್ಟು ಮೇಡಂ ಫೋನು ಮಾಡಿದರು. ದನಿಯಲ್ಲಿ ಹಬ್ಬ. “ಬೇಗ ಬನ್ನಿ. ಅಂಗಳ ಹಸುರಾಗಿಬಿಟ್ಟಿದೆ!”

ಹೋದೆ. ಸುಣ್ಣದ ಕಲ್ಲುಗಳ ಒಳಗೆ ಹಳೆಯ ಬಳ್ಳಿಗಳು ಚಿಗುರಿದ್ದವು. ಕಡಿದ ಕಾರೆಯೂ ಕಣ್ಣು ಬಿಟ್ಟಿತ್ತು. ಕೆಳಗೆ ಅಂಗಳದಲ್ಲಿ ಹಸುರು ನಿಜವಾಗಿಯೂ ಕಂಬಳಿ ಹಾಸಿದ ಹಾಗೆ ಇತ್ತು. ಆದರೆ ಆ ಕಂಬಳಿಗೆ ಅಂಚಿತ್ತು. ಬಲೆ ಎಲ್ಲಿ ಕಟ್ಟಿದ್ದರೋ ಸರಿಯಾಗಿ ಅಲ್ಲಿಗೆ ಹಸುರು ನಿಂತಿತ್ತು, ಒಂದು ಗೇಣು ಆಚೆಗಿಲ್ಲ. ಬಗ್ಗಿ ಒಂದು ಸಸಿ ಕಿತ್ತೆ. ಜಾಲಿಯ ಮರಿಯನ್ನು ನಾನು ಗುರುತಿಸದೆ ಇನ್ಯಾರು ಗುರುತಿಸಬೇಕು? ಬೇಸಿಗೆಯಲ್ಲಿ ಸಿಹಿಯಾದ ಜಾಲಿಕಾಯಿ ಬಿದ್ದಿರುತ್ತದೆ, ಬೇರೆ ಮೇವಿಲ್ಲದ ಕಾಲ, ಕುರಿ ಹೊಟ್ಟೆ ತುಂಬ ತಿಂದಿರುತ್ತದೆ. ಬೀಜ ಕರಗುವುದಿಲ್ಲ. ಹೊಟ್ಟೆಯ ಕಾವಿಗೆ ಸಿಪ್ಪೆ ಮೆತ್ತಗಾಗಿ, ಗೊಬ್ಬರದ ಸಮೇತ ನೆಲಕ್ಕೆ ಬೀಳುತ್ತದೆ. ರಾಗಿ ಕೊಟ್ಟು, ಊಟ ಹಾಕಿ, ನಾವು ಜಾಲಿಯನ್ನೇ ಬಿತ್ತನೆ ಮಾಡಿಸಿದ್ದೆವು.

ಅದೇ ದಿನ ದಾಳಿಂಬೆ ಗುಂಡಿ ನೋಡಲು ಬಂದಿದ್ದ ಸಾಹೇಬರು ಮೇಲೆ ಹತ್ತಿ ಬಂದರು. ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದ್ದಿಲು ಸಾವ್ಕಾರ್ರೇ, ಮುಂದಿನ ಫಸಲಿಗೆ ಈಗ್ಲೇ ಬಿತ್ತಿದ್ರಾ? ಏನು ತಲೆ ರೀ ನಿಮ್ದು!” ಹೋಗುವಾಗ ಮಾತ್ರ ನಗದೆ ಹೇಳಿದರು: “ಮೊದಲ್ನೇ ಮಳೆಗಾಲ ಶುರುವಾಯ್ತು ಮೇಡಂ.”

ಮೇಡಂ ನನ್ನ ಮೇಲೆ ಕೂಗಾಡಲಿಲ್ಲ. ಹಟ್ಟಿಯ ಯಜಮಾನರನ್ನು ಕರೆಸಿ ಅವರ ಮೇಲೆ ಹರಿಹಾಯ್ದರು. ಯಜಮಾನರು ಪೇಟ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ನೋಡಪ್ಪ, ಕುರಿ ತಿಂದಿದ್ದು ಹಾಕೈತೆ. ಹಾಕ್ಲಿ ಅಂತ ಕರ್ದೋರು ನೀವು. ರಾಗಿ ಅರ್ಧ ಕೊಟ್ಟು ಹಿಕ್ಕೆ ಮಾತ್ರ ಪೂರಾ ಸೋಸಿ ಹಾಕ್ಬೇಕಿತ್ತೇನು?”

ಇನ್ನು ಕೆಲಸಕ್ಕೆ ಇಳಿಯಬೇಕಿತ್ತು. ಜಾಲಿಮರಿಯ ಬೇರು ಮೊದಲ ಹಸಿಗೆ ಮೆತ್ತಗಿರುತ್ತದೆ, ಎರಡು ಬೆರಳಲ್ಲಿ ಹಿಡಿದರೆ ಸರ್ರನೆ ಬರುತ್ತದೆ. ನೆಲ ಒಮ್ಮೆ ಒಣಗಿತೋ, ಮೇಲೆ ತುಂಡಾಗಿ ಕೆಳಗೆ ಉಳಿಯುತ್ತದೆ. ಬೇರೊಂದು ಕಡೆ ಉರಿಯಬೇಕಿದ್ದ ಭಟ್ಟಿ ನಿಲ್ಲಿಸಿ ಇಡೀ ಗ್ಯಾಂಗನ್ನು ಅಲ್ಲಿ ಕುಕ್ಕರಗಾಲಲ್ಲಿ ಕೂರಿಸಿದೆ. ಹಟ್ಟಿಯ ಹೆಂಗಸರೂ ಬಂದರು. ಹಿರಿಯಕ್ಕ ಒಂದು ಹಿಡಿ ಸಸಿ ಎತ್ತಿ ತೋರಿಸಿ, “ಅಣ್ಣ, ನಿನ್ನ ಅನ್ನ ನೀನೇ ಕೀಳ್ತಿದ್ದೀಯಲ್ಲೋ!” ಎಂದಳು.

“ಅನ್ನಕ್ಕೇನು, ಜಿಲ್ಲೆ ತುಂಬಾ ಐತೆ. ಬುಡ್ಡಿ ಇಲ್ಲೊಂದೇ ಕಡೆ ಕಣಕ್ಕ” ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಕಿತ್ತು ಮುಗಿಸಿದ ಮೇಲೆ ಮುಖ್ಯ ಪ್ರಶ್ನೆ. ಮೇಡಂ ಯಾರನ್ನೋ ಹಿಡಿದು ತಂತಿಬೇಲಿಗೆ ಏರ್ಪಾಡು ಮಾಡಿದ್ದರು. ಸುತ್ತ ಬೇಲಿ ಬಿಗಿದು, ಕುರಿಗೆ ಶಾಶ್ವತವಾಗಿ ಬಾಗಿಲು ಹಾಕುವುದು ಅವರ ನಿರ್ಧಾರ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಜಾಲಿಯ ನೆರಳು ಹೋದದ್ದೇ ತಡ, ಬಂಡೆಸಾಲಿನ ನಡುವೆ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಬೇಲಿಯೊಳಗೆ ಅದನ್ನು ಮೇಯುವವರು ಯಾರು? ಎಳೆ ಬಳ್ಳಿಯನ್ನು ಮಳೆಗಾಲದಲ್ಲಿ ಮುಚ್ಚುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತು, ಒಂದು ಬೀಡಿ ಕಿಡಿಗೆ ಕಾಯುತ್ತದೆ. ಬೆಂಕಿ ಹಚ್ಚಿ ಬದುಕುವವನು ನಾನು, ಒಣಹುಲ್ಲು ಏನು ಮಾಡಬಲ್ಲದು ಎಂದು ಗೊತ್ತು.

“ಮೇಡಂ, ಬೇಲಿ ಬೇಡ” ಎಂದೆ. “ತಪ್ಪು ಕುರಿದಲ್ಲ, ಕಾಲದ್ದು. ತಪ್ಪು ಕುರಿ ಬಾಯಿದಲ್ಲ, ರಾತ್ರಿ ಅದು ಎಲ್ಲಿ ಮಲಗ್ತದೆ ಅನ್ನೋದ್ರದ್ದು.”

“ಇನ್ನೊಂದು ಸಲ ಹಾಗೇ ಆದ್ರೆ?”

“ಆದ್ರೆ ಸಾಹೇಬ್ರ ಜೆಸಿಬಿಗೆ ನಾನೇ ಡೀಸೆಲ್ ಹಾಕಿಸ್ತೀನಿ.”

ಅವರು ನಗಲಿಲ್ಲ. ಎರಡು ದಿನ ಫೋನೂ ಮಾಡಲಿಲ್ಲ. ಮೂರನೆಯ ದಿನ, “ನಿಮ್ಮ ಕರಾರು ಏನು, ಪೂರ್ತಿ ಹೇಳಿ” ಎಂದರು.

ಕರಾರು ನಾಲ್ಕು ಜನ ಬಾಳುವಂತೆ ಕಟ್ಟಿದ್ದೆ. ಸಂಕ್ರಾಂತಿಯ ಆಚೀಚೆ, ಬಳ್ಳಿ ಒಣಗಿ ಗಡ್ಡೆ ಒಳಗೆ ಸೇರಿದ ಮೇಲೆ, ಬೀಜ ಹಾರಿಹೋದ ಮೇಲೆ, ಕುರಿ ಹಗಲು ಮಾತ್ರ ಮೇಲೆ ಹತ್ತಬೇಕು. ಹತ್ತುವ ಮುಂಚೆ ಒಂದು ವಾರ ಜಾಲಿಯಿಲ್ಲದ ಶೇಂಗಾ ಹೊಲಗಳಲ್ಲೇ ಮೇಯಿಸಿ ಹೊಟ್ಟೆ ಖಾಲಿ ಮಾಡಿಸಬೇಕು. ರಾತ್ರಿ ಕೆಳಗೆ ದಾಳಿಂಬೆ ಹೊಲದಲ್ಲಿ ತರುಬಬೇಕು. ಅಲ್ಲಿ ಜಾಲಿ ಹುಟ್ಟಿದರೂ ಕುಂಟೆ ಹೊಡೆದರೆ ಹೋಗುತ್ತದೆ. ಗೊಬ್ಬರ ಸಾಹೇಬರಿಗೆ, ಆದ್ದರಿಂದ ರಾಗಿಯೂ ಸಾಹೇಬರದೇ. ಈ ಸಲ ಪೂರ್ತಿ ಅಳತೆ. ಯಜಮಾನರು ರಾಗಿಗೆ ಒಪ್ಪಿದರು, ವಾರಕ್ಕೆ ಒಪ್ಪಿದರು. ಆಡು ಬೇಡ ಎಂದಾಗ ಎದ್ದು ನಿಂತರು. ಆಡಿಗೆ ಕಾರೆ, ಕವಳಿ, ಬಳ್ಳಿ ಎಲ್ಲವೂ ಒಂದೇ ತುತ್ತು.

“ಆಡಿಲ್ದೆ ಕುರಿ ಹೆಂಗಪ್ಪ ಹೋಗ್ತವೆ? ಮುಂದೆ ದಾರಿ ತೋರ್ಸಾದೇ ಅದು. ಕುರಿ ಅಂದ್ರೆ ಹಿಂದೆ ಹೋಗೋ ಜಾತಿ.”

“ಒಂದು ಆಡು ಬರ್ಲಿ. ಬಾಯಿಗೆ ಕುಕ್ಕೆ ಕಟ್ರಿ.”

“ಎತ್ತಿಗೆ ಕಟ್ಟೋ ಕುಕ್ಕೆನಾ? ಆಡಿಗಾ? ಲೇ, ಹಟ್ಟಿಯೋರು ನನ್ನ ನೋಡಿ ಕ್ಯಾಕರಿಸ್ತಾರೆ ಕಣೋ!”

“ಹಂಗಾದ್ರೆ ರಾಗಿ ಅರ್ಧ.”

ಯಜಮಾನರು ಕೂತರು. “ಕುಕ್ಕೆ ನೀನೇ ಹೆಣಿಸ್ಕೊಡು” ಎಂದರು.

ಆ ವರ್ಷ ಉತ್ತರೆ ಮಳೆಗೆ ಬುಡ್ಡಿಗಳು ಹತ್ತಿಕೊಂಡವು. ಮೇಡಂ ಒಂದು ಹೂವನ್ನು ಮೆಲ್ಲಗೆ ಸೀಳಿ ತೋರಿಸಿದರು. ಒಳಗೆ ಸಾಸಿವೆಗಿಂತ ಸಣ್ಣ ನೊಣಗಳು. ವಾಸನೆಗೆ ಒಳಗೆ ಇಳಿಯುತ್ತವೆ, ಕೊಳವೆಯ ಕೂದಲು ಹೊರಗೆ ಬಿಡುವುದಿಲ್ಲ. ಹೂವು ಬಾಡಿ ಕೂದಲು ಸಡಿಲವಾದಾಗ ಪರಾಗ ಅಂಟಿಸಿಕೊಂಡು ಹೊರಟು ಇನ್ನೊಂದು ಹೂವಿಗೆ ಬೀಳುತ್ತವೆ. ಬಂದವನನ್ನು ಕೂರಿಸಿಕೊಂಡು, ಕೆಲಸ ಮುಗಿದ ಮೇಲೆ ಬಿಡುವ ಈ ವ್ಯಾಪಾರ ನನಗೆ ಬಹಳ ಮೆಚ್ಚುಗೆಯಾಯಿತು.

ಆಮೇಲೆ ಕೊಂಬಿನ ಹಾಗೆ ಜೋಡಿ ಕಾಯಿ ಬಿಟ್ಟವು. ಒಡೆದರೆ ಬೀಜ ರೇಷ್ಮೆ ಕೂದಲಿನ ಛತ್ರಿ ಹಿಡಿದು ಹಾರಿಹೋಗುತ್ತದೆ, ಹೊಸದುರ್ಗದ ಕಡೆಗೋ ಆಂಧ್ರದ ಕಡೆಗೋ ಯಾರಿಗೆ ಗೊತ್ತು. ಕೆಲವನ್ನು ಹಾರಲು ಬಿಟ್ಟೆವು; ಉಳಿದ ಕಾಯಿಗಳಿಗೆ ತೆಳು ಬಟ್ಟೆಯ ಚೀಲ ತೊಡಿಸಿದೆವು. ಹಿರಿಯಕ್ಕ ಒಂದೊಂದಕ್ಕೂ ದಾರ ಕಟ್ಟುತ್ತ, “ಕುಲಾವಿ ಹಾಕಾಯ್ತು, ಇನ್ನು ತೊಟ್ಟಿಲು ತಗೊಂಬಾ” ಎಂದಳು.

ಸಂಕ್ರಾಂತಿಗೆ ಮಂದೆ ಬಂತು. ಮುಂದೆ ಬಾಯಿಗೆ ಕುಕ್ಕೆ ಕಟ್ಟಿಸಿಕೊಂಡ ಆಡು, ಮದುವೆ ದಿನ ಮೌನವ್ರತ ಹಿಡಿದ ಬೀಗನ ಹಾಗೆ ಮುಖ ಬಿಗಿದುಕೊಂಡು ಹತ್ತುತ್ತಿತ್ತು. ಹಿಂದೆ ಕುರಿಗಳು ತಲೆ ತಗ್ಗಿಸಿ ಒಣಹುಲ್ಲು ಸವರುತ್ತ ನಡೆದವು. ಸಂಜೆ ಕೆಳಗಿಳಿದು ದಾಳಿಂಬೆ ಹೊಲದಲ್ಲಿ ಮಲಗಿದವು. ಅವು ಹೋದ ಮೇಲೆ ನಾವು ಕಾರೆ ಬುಡಗಳಲ್ಲಿ ಕಡ್ಡಿಯಿಂದ ಮಣ್ಣು ಕೆದಕಿ ಬೀಜ ಇಟ್ಟು, ಕಡಿದ ಜಾಲಿಮುಳ್ಳನ್ನೇ ಮೇಲೆ ಹರಡಿದೆವು. ಬಿಸಿಲಿಗೆ ನೆರಳೂ ಆಯಿತು, ಬಾಯಿಗೆ ಅಡ್ಡವೂ ಆಯಿತು. ಭಟ್ಟಿಗೆ ಹೋಗಬೇಕಿದ್ದ ಮುಳ್ಳು ಅದೊಂದು ಸಲ ಪುಣ್ಯ ಕಟ್ಟಿಕೊಂಡಿತು.

ಎರಡನೆಯ ಮಳೆಗಾಲ ತಡವಾಗಿ ಬಂತು. ಮೇಡಂ ಪ್ರತಿ ಭಾನುವಾರ ದುರ್ಗದಿಂದ ಬಸ್ಸಿನಲ್ಲಿ ಬಂದು ಮುಳ್ಳು ಎತ್ತಿ ನೋಡಿ, ಸುಮ್ಮನೆ ಹಿಂದಿರುಗುತ್ತಿದ್ದರು. ನಾನು ಧೈರ್ಯದ ಮಾತಾಡುತ್ತಿದ್ದೆ. ಒಳಗೆ ಡೀಸೆಲ್ಲಿನ ಮಾತು ಚುಚ್ಚುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ, ಹದ ಮಳೆ ಬಿದ್ದು ಎಂಟು ಹತ್ತು ದಿನವಾಗಿರಬೇಕು, ಮುಳ್ಳಿನ ಕೆಳಗೆ ದಾರದ ತುದಿಯಲ್ಲಿ ಎರಡೆರಡು ಎಲೆ. ಒಂದು ಕಾರೆಯ ಬುಡದಲ್ಲಿ, ಇನ್ನೊಂದರ ಬುಡದಲ್ಲಿ, ಗ್ಯಾಂಗು ಮೊದಲ ವರ್ಷ ತಪ್ಪಿ ಕಡಿದ ಕಾರೆಯ ಚಿಗುರಿನ ಕೆಳಗೂ. ಬಂಡೆಸಾಲಿನಾಚೆ, ನಾವು ಇಡದ ಕಡೆಯೂ ಒಂದೆರಡು. ಅವು ಹಾರಿಹೋದವರ ಮಕ್ಕಳು. ಮಟ್ಟಸ ಅಂಗಳದಲ್ಲಿ ಮಾತ್ರ ಒಂದೂ ಇಲ್ಲ. ಅಷ್ಟು ಗೊಬ್ಬರ ಕುಡಿದ ನೆಲದಲ್ಲಿ ಒರಟು ಕಳೆ ಎದೆಯುದ್ದ ಬೆಳೆದಿತ್ತು. ಬಡ ನೆಲವೇ ಈ ಬಳ್ಳಿಗೆ ಬೇಕು ಎಂದು ಮೇಡಂ ಅವತ್ತು ಹೇಳಿದರು. ತಾಕತ್ತು ಎಲ್ಲರಿಗೂ ಹಿತವಲ್ಲ.

ಹೊಸ ಸಸಿಗಳಿಗೆಲ್ಲ ಸುಣ್ಣದ ಕಲ್ಲು ಇಟ್ಟು ಮುಗಿಸಿದ್ದೆವು, ಅಷ್ಟರಲ್ಲಿ ಸಾಹೇಬರು ಬಂದರು. ಕರಾರಿನ ಪ್ರಕಾರ ಬಂದಿದ್ದರು: ಹಿಂದೆ ಜೆಸಿಬಿ ಆಪರೇಟರ್, ಕೈಯಲ್ಲಿ ಹೊಂಡದ ಗೆರೆ ಹಾಕಲು ಸುಣ್ಣದ ಪುಡಿಯ ಚೀಲ. ಮೇಡಂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಮಾತಿನಲ್ಲಿ ಬದುಕಿದವನಾಗಿ ಹೇಳುತ್ತೇನೆ, ಮಾಲು ಚೆನ್ನಾಗಿದ್ದಾಗ ಬಾಯಿ ಮುಚ್ಚಿಕೊಂಡಿರಬೇಕು.

ಸಾಹೇಬರು ಚೀಲ ಬಿಚ್ಚಿ, ಬಂಡೆಸಾಲಿನ ಒಂದು ಮೂಲೆಯಿಂದ ಹೆಜ್ಜೆ ಹಾಕಲು ಹೊರಟರು. ಎರಡು ಹೆಜ್ಜೆಗೆ ಒಂದು ಬಿಳಿ ಕಲ್ಲು ಅಡ್ಡ. ಬಗ್ಗಿ ನೋಡಿದರು, ಸುತ್ತಿಕೊಂಡು ಹೋದರು. ಮತ್ತೆ ಬಿಳಿ ಕಲ್ಲು. ಇನ್ನೊಂದು ಕಡೆಯಿಂದ ಶುರು ಮಾಡಿದರು. ಅಲ್ಲೂ ಅದೇ. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಇದ್ಯಾಕ್ರೀ, ಸುಣ್ಣ ಎಲ್ಲಾ ನೀವೇ ಹಾಕ್ಬಿಟ್ಟಿದ್ದೀರಿ? ನನ್ ಗೆರೆಗೆ ಜಾಗ ಎಲ್ಲೈತೆ?”

“ಮರಿ ತೋರಿಸ್ಲಿ ಅಂದಿದ್ರಿ ಸಾಹೇಬ್ರೇ” ಎಂದರು ಮೇಡಂ.

ಸಾಹೇಬರು ಚೀಲ ಎತ್ತಿಕೊಂಡು ಇಳಿಯತೊಡಗಿದರು. ಮಟ್ಟಸ ಅಂಗಳಕ್ಕೆ ಬಂದು, ಕಳೆಯನ್ನು ಕಾಲಲ್ಲಿ ಒತ್ತಿ, ಕೆಳಗಿನ ದಾಳಿಂಬೆ ಸಾಲು ನೋಡಿದರು. “ಇಲ್ಲಿಂದಾನೂ ನೀರು ಇಳಿತೈತಲ್ಲ?” ಎಂದು ಆಪರೇಟರನ್ನು ಕೇಳಿದರು.

“ಆರಾಮಾಗಿ ಇಳಿತೈತೆ ಸಾರ್. ಇಲ್ಲಿ ಅಗೆಯಾದೂ ಸಲೀಸು, ಬಂಡೆ ಇಲ್ಲ.”

“ಜಾಲಿ ಮುಚ್ಕೊಂಡಿತ್ತು, ನಂಗೆ ಕಂಡೇ ಇರ್ಲಿಲ್ಲ” ಎನ್ನುತ್ತ ಸಾಹೇಬರು ಗೆರೆ ಹಾಕಿದರು. ಹಾಕುತ್ತ ಹಾಕುತ್ತ ನನ್ನ ಕಡೆ ನೋಡಿ ನಕ್ಕರು. ನನಗೂ ಆಗಲೇ ಗೊತ್ತಾಗಿತ್ತು. ಅವರ ಗೆರೆ ಹೆಚ್ಚುಕಡಿಮೆ ಹಿಂದಿನ ವರ್ಷ ಕುರಿಬಲೆ ಕಟ್ಟಿದ್ದ ಗೆರೆಯ ಮೇಲೆಯೇ ಸಾಗುತ್ತಿತ್ತು.

ಸುದ್ದಿ ಕೇಳಿ ಯಜಮಾನರು ಸಂಜೆಯೇ ಹತ್ತಿ ಬಂದರು. “ಜಾಗ ತೋರ್ಸಿದ್ದು ನಮ್ಮ ಕುರಿ. ಹೊಂಡದ ಪಕ್ಕ ನಮಗೊಂದು ನೀರಿನ ತೊಟ್ಟಿ ಕಟ್ಸಿಕೊಡ್ಬೇಕು” ಎಂದು ಸಾಹೇಬರ ಎದುರೇ ಪಟ್ಟು ಹಿಡಿದರು. ಸಾಹೇಬರು ನನ್ನ ಮುಖ ನೋಡಿದರು. ನಾನು ತೊಟ್ಟಿಗೆ ಹೂಂ ಅನ್ನಿಸಿ, ಅದಕ್ಕೆ ಬದಲಾಗಿ ಮೇಲಿನ ಬಂಡೆಸಾಲಿಗೆ ಇನ್ನೆಂದೂ ಜೆಸಿಬಿ ಹತ್ತಿಸುವುದಿಲ್ಲ ಎಂದು ಸಾಹೇಬರಿಂದಲೂ, ಆಡಿನ ಕುಕ್ಕೆ ಬಿಚ್ಚುವುದಿಲ್ಲ ಎಂದು ಯಜಮಾನರಿಂದಲೂ ಮಾತು ತೆಗೆದುಕೊಂಡೆ. ಯಾರಿಗಾದರೂ ಏನಾದರೂ ಕೊಡಿಸುವಾಗ ಕೈ ಬೀಸಿ ಸುಮ್ಮನೆ ಕೊಡಿಸಬೇಡಿ. ಪುಕ್ಕಟೆ ಬಂದದ್ದನ್ನು ಯಾರೂ ಕಾಯುವುದಿಲ್ಲ.

ಈಗಲೂ ಮೊದಲ ಮಳೆ ಬಿದ್ದ ವಾರ ನಾನು ಭಟ್ಟಿಯ ಕೆಲಸ ಬಿಟ್ಟು ಆ ಗುಡ್ಡಕ್ಕೆ ಹೋಗುತ್ತೇನೆ. ಅಲ್ಲೊಂದು ಇಲ್ಲೊಂದು ಜಾಲಿಮರಿ ತಲೆ ಎತ್ತಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸರ್ರನೆ ಬರುತ್ತದೆ. ಬಿಳಿ ಕಲ್ಲುಗಳ ನಡುವೆ ಕಾಲಿಡುವ ಮುಂಚೆ ನೆಲ ನೋಡುತ್ತೇನೆ.